ಒಂದು ಒಲೆ, ನಾಲ್ಕು ಆದಾಯ

ಮನೆಮನೆಗೆ ಹೋಗಿ "ನಿಮ್ಮ ಸಂಪಾದನೆ ಎಷ್ಟು?" ಎಂದು ಕೇಳುವವಳು ತಮಾಷೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಾಗಿಲು ತೆಗೆದು, ಕೂರಿಸಿ, ಕಾಫಿ ಕೊಟ್ಟು ಕಳಿಸುತ್ತವೆ.

ನನ್ನ ಕೆಲಸ ಅದೇ. ಜಿಲ್ಲೆಯ ಮನೆಗಳಲ್ಲಿ ಸ್ವಂತ ಉದ್ಯೋಗದ ಆದಾಯ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತಿಳಿಯುವ ಆಸೆ ಯಾರಿಗೋ ಎಲ್ಲೋ ದೊಡ್ಡ ಆಫೀಸಿನಲ್ಲಿ ಹುಟ್ಟಿದೆ. ಅವರ ಆಸೆಗೆ ನಾನು ಕೊಡಗಿನ ಏರುತಗ್ಗು ಹತ್ತಿ ಇಳಿಯುತ್ತೇನೆ. ಮೂರು ತಿಂಗಳಿಗೊಮ್ಮೆ ಅದೇ ಮನೆ, ಅದೇ ಪ್ರಶ್ನೆ. ನನಗೆ ಸಂಬಳ ಅಂತ ಇಲ್ಲ. ತುಂಬಿದ ಫಾರಂ ಒಂದಕ್ಕೆ ಇಷ್ಟು ಅಂತ ಕೊಡುತ್ತಾರೆ. ಹಾಗಾಗಿ ನಾನೂ ಸ್ವಂತ ಉದ್ಯೋಗಿಯೇ, ಆದರೆ ನನ್ನನ್ನು ಯಾರೂ ಬಂದು ಕೇಳಿಲ್ಲ.

ನನಗೊಂದು ದೌರ್ಬಲ್ಯ ಇದೆ, ಕೂತಲ್ಲಿ ನಿಂತಲ್ಲಿ ಕನಸಿಗೆ ಜಾರಿಬಿಡುತ್ತೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದರೆ ಮುಗಿಯಿತು, ನನ್ನ ಸ್ಟಾಪು ದಾಟಿ ಎರಡು ತಿರುವು ಆದ ಮೇಲೆ ಎಚ್ಚರವಾಗುತ್ತದೆ. ಈಗೀಗ ಕಂಡಕ್ಟರೇ ಹತ್ತಿರ ಬಂದು "ಮೇಡಂ, ಕನಸು ಸೀಟಲ್ಲೇ ಇಟ್ಟು ಇಳೀರಿ, ವಾಪಸ್ ಬರುವಾಗ ಕೊಡ್ತೀನಿ" ಎನ್ನುತ್ತಾನೆ. ಆದರೆ ಈ ಕೆಲಸಕ್ಕೆ ಬಂದ ಮೇಲೆ ನನಗೊಂದು ಸಮಾಧಾನ ಸಿಕ್ಕಿದೆ. ಆದಾಯ ಎಷ್ಟು ಎಂದು ಕೇಳಿದರೆ ಸಂಬಳದವರು ಪಾಸ್‌ಬುಕ್ ನೋಡುತ್ತಾರೆ, ಸ್ವಂತ ಉದ್ಯೋಗದವರು ಆಕಾಶ ನೋಡುತ್ತಾರೆ. ಅಂದರೆ ನನ್ನಂಥವರು ಜಿಲ್ಲೆಯ ತುಂಬ ಇದ್ದಾರೆ.

ಮನೆಯಲ್ಲಿ ಎಷ್ಟು ಜನ?

ಕಕ್ಕಬೆಯ ಕಡೆ ಗಂಡ ಹೆಂಡತಿ ನಡೆಸುವ ಒಂದು ಹೋಂಸ್ಟೇ ಇದೆ. ನಾನು ಹೋದ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೊದಲು ಅವರ ನಾಯಿಯ ದನಿ ಬಂತು, ಆಮೇಲೆ ನಾಯಿ, ಬಹಳ ಹೊತ್ತಿನ ಮೇಲೆ ಮನೆ.

"ಮನೆಯಲ್ಲಿ ಎಷ್ಟು ಜನ?" ಎಂದು ಕೇಳಿದೆ.

"ಹನ್ನೊಂದು" ಎಂದರು ಯಜಮಾನರು.

ಈ ಕಾಲದಲ್ಲಿ ಹನ್ನೊಂದು ಜನ ಒಟ್ಟಿಗಿದ್ದಾರಲ್ಲ ಎಂದು ನನಗೆ ಸಂತೋಷವಾಯಿತು. ಹೆಸರು ಬರೆದುಕೊಳ್ಳುತ್ತಾ ಹೋದೆ. ಏಳನೆಯ ಹೆಸರಿಗೆ ಬಂದಾಗ ಯಜಮಾನರು ತಡವರಿಸಿ ಒಳಗೆ ಕೂಗಿದರು, "ಆ ನೀಲಿ ಟೋಪಿಯವರ ಹೆಸರು ಎಂಥ?"

ನಾನು ಪೆನ್ನು ನಿಲ್ಲಿಸಿದೆ. ಒಂಬತ್ತು ಜನ ಪ್ರವಾಸಿಗಳು. ಕೆಲವರು ಇನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ.

"ಇವರೆಲ್ಲ ನಿಮ್ಮ ಕುಟುಂಬ ಹೇಗಾಗ್ತಾರೆ?" ಎಂದೆ.

"ನೀವೇ ಅಲ್ವಾ ಹೋದ ಸಲ ಪುಸ್ತಕ ನೋಡಿ ಹೇಳಿದ್ದು, ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರು ಒಂದು ಕುಟುಂಬ ಅಂತ?"

ನಿಜ, ನಮ್ಮ ನಿಯಮದ ಪುಸ್ತಕದಲ್ಲಿ ಹಾಗೇ ಇದೆ. ರಕ್ತಸಂಬಂಧ ಆಮೇಲೆ, ಮೊದಲು ಒಲೆ. "ಆದರೆ ಇವರು ನಾಳೆ ಹೊರಟುಹೋಗ್ತಾರಲ್ಲ" ಎಂದೆ.

"ಹೋಗ್ತಾರೆ. ನಮ್ಮ ಸ್ವಂತ ನೆಂಟರೂ ಬಂದು ಹೋಗ್ತಾರೆ ಮೇಡಂ. ಇವರು ಹೋಗುವಾಗ ದುಡ್ಡು ಕೊಟ್ಟು ಹೋಗ್ತಾರೆ, ಅಷ್ಟೇ ವ್ಯತ್ಯಾಸ."

ಮುಖ್ಯ ಉದ್ಯೋಗ

ನೆಲ್ಯಹುದಿಕೇರಿಯಲ್ಲಿ ಹೊಳೆಯ ದಡದ ಮನೆಯೊಂದರಲ್ಲಿ ಒಬ್ಬರಿದ್ದಾರೆ. ಮೊದಲ ಸಲ ಹೋದಾಗ ಒಳ್ಳೆಮೆಣಸು ಕೊಯ್ಯುವ ಕಾಲ. ಏಣಿ ಮೇಲಿಂದಲೇ "ಮೆಣಸು ಕೊಯ್ಯೋದು" ಎಂದರು, ಬರೆದುಕೊಂಡೆ. ಎರಡನೆಯ ಸಲ ಮೀನು ಹಿಡಿಯುತ್ತಿದ್ದರು. ಮೂರನೆಯ ಸಲ ಮನೆಗಳಿಗೆ ಬಣ್ಣ ಬಳಿಯುತ್ತಿದ್ದರು. ನನ್ನ ಫಾರಂನಲ್ಲಿ "ಮುಖ್ಯ ಉದ್ಯೋಗ" ಎನ್ನುವುದಕ್ಕೆ ಒಂದೇ ಸಾಲು ಇರುವುದರಿಂದ ಎರಡು ಸಲ ಹಳೆಯದನ್ನು ಹೊಡೆದು ಹೊಸದು ಬರೆದೆ.

ನಾಲ್ಕನೆಯ ಸಲ ಹೋದಾಗ ದಡದ ಮರದ ಕೆಳಗೆ ಕೂತು ನೀರು ನೋಡುತ್ತಿದ್ದರು. ನಾನೂ ಪಕ್ಕದ ಬಂಡೆಯ ಮೇಲೆ ಕೂತೆ. ಕಾವೇರಿ ಅಲ್ಲಿ ಅವಸರವಿಲ್ಲದೆ ಹರಿಯುತ್ತದೆ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ಗೊತ್ತಿಲ್ಲ, ಕೊನೆಗೆ ನನಗೇ ನಾಚಿಕೆಯಾಗಿ ಫಾರಂ ತೆಗೆದೆ.

"ಈಗ ಏನು ಉದ್ಯೋಗ?"

"ಈಗ ಯೋಚನೆ ಮಾಡ್ತಾ ಇದೀನಿ."

"ಅದರಲ್ಲಿ ಆದಾಯ ಎಷ್ಟು ಬರುತ್ತೆ?"

"ಈಗಲೇ ಎಲ್ಲಿ ಬರುತ್ತೆ ಮೇಡಂ? ಇನ್ನೂ ಬಂಡವಾಳ ಹಾಕ್ತಾ ಇದೀನಿ."

ಚೊಂಬಿನ ಆದಾಯ

ಇವೆಲ್ಲ ಬಂದು ಹೋಗುವ ನಗು. ಚೆಟ್ಟಳ್ಳಿ ಕಡೆಯ ಒಂದು ಮನೆಯ ಪ್ರಸಂಗ ಮಾತ್ರ ಒಂದು ವರ್ಷ ನಡೆಯಿತು, ಮತ್ತು ಅದರಲ್ಲಿ ತಪ್ಪು ಪೂರ್ತಿ ನನ್ನದು.

ಮೊದಲ ಸಲ ಹೋದಾಗ ಹೂಮಳೆ ಬಿದ್ದು ಒಂದು ವಾರವಾಗಿತ್ತು. ತೋಟದ ತುಂಬ ಬೆಳ್ಳಗೆ ಕಾಫಿ ಹೂ. ಆ ವಾಸನೆಯಲ್ಲಿ ಅರ್ಧ ಮೈಲಿ ನಡೆದು ಬಂದವಳಿಗೆ ತಾನು ಬಂದದ್ದು ಯಾಕೆ ಎನ್ನುವುದೇ ಮರೆತುಹೋಗಿತ್ತು. ಅಂಗಳದಲ್ಲಿ ನಿಂತು "ಚೆನ್ನಾಗಿದ್ದೀರಾ?" ಎಂದೆ. ನನ್ನ ಗುರುತು ಪರಿಚಯ ಇಲ್ಲದ ನಾಲ್ಕು ಜನ "ಚೆನ್ನಾಗಿದೀವಿ, ಬನ್ನಿ ಒಳಗೆ" ಎಂದರು. ಅಂಥ ಮನೆ ಅದು.

ನಾಲ್ಕು ಜನ ಅಂದರೆ ಮಾವ, ಅತ್ತೆ, ಮಗ, ಸೊಸೆ. ಮಾವ ಜೇನು ಪೆಟ್ಟಿಗೆ ಇಟ್ಟಿದ್ದಾರೆ. ಜೇನುತುಪ್ಪವನ್ನು ಬಾಟಲಿಗೆ ತುಂಬಿ ರಸ್ತೆ ಬದಿಯಲ್ಲಿ ಪ್ರವಾಸಿಗಳಿಗೆ ಮಾರುತ್ತಾರೆ. ಮಗ ಅದೇ ಪ್ರವಾಸಿಗಳನ್ನು ಜೀಪಿನಲ್ಲಿ ಬೆಟ್ಟ ಹತ್ತಿಸುತ್ತಾನೆ. ಸೊಸೆ ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ರವಿಕೆ ಹೊಲಿಯುತ್ತಾಳೆ. ಒಂದೇ ಮನೆಯಲ್ಲಿ ಮೂರು ಸ್ವಂತ ಉದ್ಯೋಗ ಸಿಕ್ಕಿತಲ್ಲ ಎಂದು ನಾನು ಹಿಗ್ಗಿದೆ.

"ನಿಮಗೆ ತಿಂಗಳಿಗೆ ಎಷ್ಟು ಬರುತ್ತೆ?" ಎಂದು ಮಾವನನ್ನು ಕೇಳಿದೆ. ಅವರು ಪದ್ಧತಿಯಂತೆ ಆಕಾಶ ನೋಡಿ, "ಬಂದದ್ದು ಚೊಂಬಿಗೆ ಹಾಕ್ತೀನಿ" ಎಂದರು. ಮಗನೂ ಚೊಂಬಿಗೇ ಹಾಕುತ್ತಿದ್ದ. ಸೊಸೆಯೂ ಅಷ್ಟೆ. ದೇವರ ಗೂಡಿನ ಪಕ್ಕ ಒಂದು ಹಿತ್ತಾಳೆ ಚೊಂಬು ಇತ್ತು. ದುಡಿದವರು ಅದಕ್ಕೆ ಹಾಕುವುದು, ಬೇಕಾದವರು ಅದರಿಂದ ತೆಗೆಯುವುದು.

"ಹೋಗಲಿ, ಚೊಂಬಿನಲ್ಲಿ ಎಷ್ಟು ಇರುತ್ತೆ?"

"ಅದನ್ನ ಯಾರು ನೋಡಿದಾರೆ?" ಎಂದ ಮಗ. "ಕೈ ಹಾಕಿದಾಗ ಸಿಕ್ಕಿದ್ರೆ ಇದೆ ಅಂತ ಲೆಕ್ಕ."

ನನ್ನ ಫಾರಂನಲ್ಲಿ ಚೊಂಬಿಗೆ ಜಾಗ ಇರಲಿಲ್ಲ. ಆದ್ದರಿಂದ ಬಹಳ ತಿಳಿದವಳಂತೆ, "ಹಾಗಲ್ಲ, ಒಬ್ಬೊಬ್ಬರೂ ನಿಮ್ಮ ನಿಮ್ಮ ಸಂಪಾದನೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಾರು ಎಷ್ಟು ದುಡಿದರು ಅಂತ ಆಗ ಗೊತ್ತಾಗುತ್ತೆ" ಎಂದೆ. ಆ ಮಾತು ಆಡಬಾರದಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ವರ್ಷದಲ್ಲಿ ಆ ಪ್ರಶ್ನೆ ಅವರ ತಲೆಗೆ ಬಂದಿರಲಿಲ್ಲ.

ಕೊನೆಗೆ ಅತ್ತೆಯ ಸರದಿ. ಅವರು ನನಗೆ ಕಾಫಿ ಕೊಟ್ಟು, ಲೋಟ ತೆಗೆದುಕೊಂಡು ಹೋಗಿ, ಒಲೆಗೆ ಸೌದೆ ನೂಕಿ, ಅಕ್ಕಿ ಆರಿಸುತ್ತಾ ಬಂದು ಕೂತರು.

"ನಿಮ್ಮ ಉದ್ಯೋಗ ಏನು?"

"ಉದ್ಯೋಗ ಮಾಡಕ್ಕೆ ನಂಗೆಲ್ಲಿ ಪುರ್ಸೊತ್ತಿದೆ ಮಗಾ?" ಎಂದರು.

ನಾನು "ಉದ್ಯೋಗವಿಲ್ಲ" ಎಂದು ಬರೆದು, ನಿಯಮದಂತೆ ಎಲ್ಲರೆದುರು ಓದಿ, ಸಹಿ ಹಾಕಿಸಿಕೊಂಡು ಬಂದೆ.

ಮನೆ ಗಿರಾಕಿ

ಎರಡನೆಯ ಸಲ ಹೋದಾಗ ಮಳೆಗಾಲ. ಪ್ರವಾಸಿಗಳು ಇರಲಿಲ್ಲ, ರಸ್ತೆ ಖಾಲಿ. ಈ ಮನೆಯ ಆದಾಯ ನೆಲ ಕಚ್ಚಿರುತ್ತದೆ ಎಂದುಕೊಂಡೇ ಛತ್ರಿ ಮಡಿಸಿದೆ. ಮೂವರೂ ಮೂರು ನೋಟ್‌ಬುಕ್ ಹಿಡಿದು ಪರೀಕ್ಷೆಗೆ ಬಂದ ಮಕ್ಕಳ ಹಾಗೆ ಕಾಯುತ್ತಿದ್ದರು. ತೆರೆದು ನೋಡಿದರೆ ಮೂವರ ಆದಾಯವೂ ಏರಿದೆ.

"ಇದು ಹೇಗೆ?" ಎಂದೆ.

"ನೀವು ಹೇಳಿಕೊಟ್ಟ ಹಂಗೆ ಬರೆದಿದೀವಿ" ಎಂದರು ಮಾವ.

ಹೇಗೆ ಎನ್ನುವುದು ಕಣ್ಣೆದುರೇ ಗೊತ್ತಾಯಿತು. ಸೊಸೆ ತನ್ನ ಗಿರಾಕಿಗಳಿಗೆ ಕೊಡಲು ಮಾವನಿಂದ ಜೇನುತುಪ್ಪ ಕೊಂಡಿದ್ದಳು, ಐನೂರರ ನೋಟೊಂದನ್ನು ಅವರ ಕೈಗೆ ಕೊಟ್ಟಳು. ಮಾವ ಬರೆದುಕೊಂಡರು. ಜೇನು ಪೆಟ್ಟಿಗೆಗಳನ್ನು ಜೀಪಿನಲ್ಲಿ ಸಾಗಿಸಿದ್ದಕ್ಕೆ ಮಾವ ಅದೇ ನೋಟನ್ನು ಮಗನಿಗೆ ಕೊಟ್ಟರು. ಮಗ ಬರೆದುಕೊಂಡ. ಜೀಪಿನ ಟಾರ್ಪಾಲು ಹೊಲಿದುಕೊಟ್ಟಿದ್ದಕ್ಕೆ ಮಗ ಅದೇ ನೋಟನ್ನು ಹೆಂಡತಿಗೆ ಕೊಟ್ಟ. ಅವಳೂ ಬರೆದುಕೊಂಡಳು. ಮಾಡಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು, ನೋಟು ಒಂದೇ ಸಮನೆ ತಿರುಗುತ್ತಿತ್ತು. ನಾನು ಮಂಪರಿನಲ್ಲಿ ನೋಡುತ್ತಾ ಕೂತೆ. ಐದು ನಿಮಿಷದಲ್ಲಿ ಸಾವಿರದ ಐನೂರು ರೂಪಾಯಿ ಆದಾಯವಾಗಿ, ಐನೂರು ರೂಪಾಯಿ ಹೊರಟ ಕೈಗೇ ಬಂದು ಸೇರಿತ್ತು.

ಈ ನಡುವೆ ಅತ್ತೆ ಎಲ್ಲರಿಗೂ ಬೆಲ್ಲದ ಕಾಫಿ, ಬಿಸಿ ಅಕ್ಕಿರೊಟ್ಟಿ ತಂದಿಟ್ಟರು. ಯಾರೂ ಅದನ್ನು ಬರೆದುಕೊಳ್ಳಲಿಲ್ಲ. "ರೊಟ್ಟಿ ಯಾರ ಲೆಕ್ಕಕ್ಕೆ?" ಎಂದು ಸುಮ್ಮನೆ ಕೇಳಿದೆ.

"ಅದು ಅಮ್ಮ ಮಾಡಿದ್ದು" ಎಂದ ಮಗ. "ಅದಕ್ಕೆಂಥ ಲೆಕ್ಕ?"

ಅಲ್ಲಿಂದಲೇ ನಮ್ಮ ಮೇಲ್ವಿಚಾರಕರಿಗೆ ಫೋನಿನಲ್ಲಿ ಅಂಕಿ ಒಪ್ಪಿಸಿದೆ. ಮಳೆಗಾಲದಲ್ಲೂ ಏರಿಕೆ ಕಂಡ ಮನೆ ಅದೊಂದೇ ಎಂದು ಅವರು ಖುಷಿಪಟ್ಟರು. ಆ ಮಾತನ್ನು ಹೇಳಿದಾಗ ಮಾವನೂ ಖುಷಿಪಟ್ಟರು.

"ಹೀಗೇ ಎಷ್ಟು ದಿನ ನಡೆಯುತ್ತೆ?" ಎಂದು ಕೇಳಿದೆ.

ಮಾವ ನೋಟನ್ನು ಬೆಳಕಿಗೆ ಹಿಡಿದು ನೋಡಿ, "ಇದು ಹರಿದುಹೋಗೋ ತನಕ ತೊಂದ್ರೆ ಇಲ್ಲ ಮೇಡಂ" ಎಂದರು.

ಪುಸ್ತಕದ ಮಾತು

ಮೂರನೆಯ ಸಲ, ದಸರಾ ಕಳೆದ ಮೇಲೆ ಹೋದೆ. ರಸ್ತೆಯಲ್ಲೇ ಮಾವ ಸಿಕ್ಕಿದರು. ಬಾಟಲಿಗಳ ಚೀಲ ಹೊತ್ತು ಬೆವರುತ್ತಾ ಏರು ಹತ್ತುತ್ತಿದ್ದರು. ಪಕ್ಕದಲ್ಲೇ ಮಗನ ಜೀಪು ಖಾಲಿ ಹೋಯಿತು.

"ಹತ್ತಿಸ್ಕೊಳ್ಳಲಿಲ್ವಾ?" ಎಂದೆ.

"ಬಾಡಿಗೆ ಜಾಸ್ತಿ ಮಾಡಿದಾನೆ" ಎಂದರು.

ಮನೆಗೆ ಹೋದರೆ ಮಗನ ಅಂಗಿಯಲ್ಲಿ ಗುಂಡಿಗಳ ಬದಲು ಎರಡು ಪಿನ್ನು. "ಒಂದು ಗುಂಡಿಗೆ ಇಪ್ಪತ್ತು ರೂಪಾಯಿ ಕೇಳ್ತಾಳೆ ಮೇಡಂ, ತಾಳಿ ಕಟ್ಟಿದವನಿಗೆ." ಸೊಸೆ ಮೆಷಿನ್ ನಿಲ್ಲಿಸದೆ ಹೇಳಿದಳು, "ಟೂರಿಸ್ಟಿಗೆ ಜೇನುತುಪ್ಪ ಕಡಿಮೆಗೆ ಕೊಡ್ತಾರೆ, ಸೊಸೆಗೆ ಪೂರ್ತಿ ರೇಟು. ಅದನ್ನೂ ಬರ್ಕೊಳ್ಳಿ."

ಯಾರೂ ಕೂಗಾಡುತ್ತಿರಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಎಲ್ಲರೂ ಬಹಳ ಮರ್ಯಾದೆಯಿಂದ ರಸೀದಿ ಕೊಟ್ಟುಕೊಳ್ಳುತ್ತಿದ್ದರು. ದೇವರ ಗೂಡಿನ ಪಕ್ಕದ ಚೊಂಬಿನಲ್ಲಿ ಯಾರೋ ಹೂ ಇಟ್ಟಿದ್ದರು.

ಮಾವ ಮೇಲುಸಿರು ಬಿಡುತ್ತಾ ಬಂದು ಕೂತು ಕೇಳಿದರು. "ಮೇಡಂ, ಕುಟುಂಬ ಅಂದ್ರೆ ಏನು ಅಂತ ನಿಮ್ಮ ಪುಸ್ತಕದಲ್ಲಿದೆಯಂತಲ್ಲ. ಓದಿ ನೋಡನ."

ನಾನು ಪೆದ್ದಿ, ಓದಿದೆ. ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರು ಒಂದು ಕುಟುಂಬ.

"ಒಲೆ ಬೇರೆ ಮಾಡ್ಕೊಂಡ್ರೆ?"

"ಆಗ ಬೇರೆ ಬೇರೆ ಕುಟುಂಬ ಅಂತ ಲೆಕ್ಕ" ಎಂದೆ. ಮೂವರೂ ಕೋರ್ಟಿನ ತೀರ್ಪು ಕೇಳಿದವರಂತೆ ತಲೆಯಾಡಿಸಿದರು. ಬಾಗಿಲ ಬಳಿ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದ ಅತ್ತೆ, "ಹಂಗಾದ್ರೆ ಸೌದೆ ಜಾಸ್ತಿ ಬೇಕಾಯ್ತದೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಚೆನ್ನಾಗಿದ್ದೀರಾ ಎಂದರೆ ನಾಲ್ಕು ಜನ ಒಂದೇ ಬಾಯಲ್ಲಿ ಚೆನ್ನಾಗಿದ್ದೀವಿ ಎಂದ ಮನೆ. ಒಂದು ಫಾರಂ ತುಂಬಲು ಹೋಗಿ ನಾನು ಅದನ್ನು ಒಡೆಯುತ್ತಿದ್ದೇನೆ. ಮೇಲ್ವಿಚಾರಕರಿಗೆ ಫೋನು ಮಾಡಿ ಹೇಳಿದೆ. ಅವರು ಸಮಾಧಾನ ಮಾಡಿದರು. "ನೀವ್ಯಾಕೆ ಬೇಜಾರು ಮಾಡ್ಕೋತೀರಿ? ಒಡೆದರೆ ನಾಲ್ಕು ಕುಟುಂಬ, ನಾಲ್ಕು ಫಾರಂ. ನಿಮಗೇ ಲಾಭ."

ಛೀ, ಎಂಥ ಮಾತು ಎನಿಸಿತು. ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡು ಬಸ್ಸು ಹತ್ತಿದೆ. ಆದರೆ ಕಿಟಕಿ ಪಕ್ಕದ ಸೀಟು ಸಿಕ್ಕಿಬಿಟ್ಟಿತು. ಹೊರಗೆ ಸಂಜೆ ಬಿಸಿಲು, ತೋಟದ ನೆರಳು, ತಣ್ಣನೆ ಗಾಳಿ. ಆ ಹೆಚ್ಚಿನ ಮೂರು ಫಾರಂ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆ ಚಪ್ಪಲಿ ಬರುತ್ತದೆ ಎನ್ನುವಲ್ಲಿಗೆ ಕನಸು ಹೋಗಿತ್ತು. ಬಣ್ಣ ಆರಿಸುವಾಗ ಎಚ್ಚರವಾಗಿ, ನನ್ನ ಕೆನ್ನೆಗೆ ನಾನೇ ಒಂದು ಕೊಟ್ಟುಕೊಂಡೆ. ಪಕ್ಕದ ಹೆಂಗಸು "ಇಲ್ಲಿ ಸೊಳ್ಳೆ ಜಾಸ್ತಿ" ಎಂದು ಕೈ ಚಾಚಿ ಕಿಟಕಿ ಮುಚ್ಚಿದಳು.

ಹಿತ್ತಿಲ ಬಾಗಿಲು

ನಾಲ್ಕನೆಯ ಸಲ ಹೋಗಬೇಕಾದ ದಿನ ಹತ್ತಿರ ಬಂದಂತೆ ನನಗೆ ಅನ್ನ ಸೇರಲಿಲ್ಲ. ಕಾಫಿ ಪಿಕಿಂಗ್ ನಡೆಯುತ್ತಿತ್ತು. ಕಣಗಳಲ್ಲಿ ಕೆಂಪು ಹಣ್ಣು ಒಣಗಲು ಹರಡಿತ್ತು. ಬೆಳಗಿನ ಬಿಸಿಲಿನಲ್ಲಿ ಮಂಜು ಮೇಲೇಳುವುದನ್ನು ನೋಡುತ್ತಾ ಬೇರೆ ದಿನವಾದರೆ ಅಲ್ಲೇ ಮೈಮರೆಯುತ್ತಿದ್ದೆ. ಅವತ್ತು ಮಾತ್ರ ಕಣ್ಣು ಆ ಮನೆಯ ಹೊಗೆಯನ್ನೇ ಹುಡುಕಿತು.

ಹೊಗೆ ನಾಲ್ಕು ಕಡೆಯಿಂದ ಏಳುತ್ತಿತ್ತು.

ಮಾವನ ಒಲೆ ಅಂಗಳದ ಮೂಲೆಯಲ್ಲಿ, ಮೂರು ಕಲ್ಲಿನದು. ಮೇಲೆ ಇಟ್ಟ ಪಾತ್ರೆಯಲ್ಲಿ ಅನ್ನವೂ ಅಲ್ಲ ಗಂಜಿಯೂ ಅಲ್ಲದ ಒಂದು ಪದಾರ್ಥ ಕುದಿಯುತ್ತಿತ್ತು. ಮಗನ ಒಲೆ ಜೀಪು ಶೆಡ್ಡಿನಲ್ಲಿ. ಅವನ ಉಪ್ಪಿಟ್ಟು ತಳ ಹಿಡಿದ ವಾಸನೆ ಗೇಟಿನವರೆಗೆ ಬಂದಿತ್ತು. ಸೊಸೆ ಹೊಲಿಗೆ ಕೋಣೆಯ ಹೊರಗಡೆ ಜಗಲಿಯಲ್ಲಿ ಒಲೆ ಹೂಡಿದ್ದಳು. ಮದುವೆ ಸೀಜನ್ನಿನ ರವಿಕೆಗಳ ನಡುವೆ ಅದರ ಕಡೆ ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ. ಹಾಲು ಉಕ್ಕಿ ಉಕ್ಕಿ ಬೆಂಕಿಯೇ ಆರಿತ್ತು. ನಾಲ್ಕನೆಯ ಹೊಗೆ ಹಳೆಯ ಅಡುಗೆಮನೆಯದು.

ನನ್ನ ಪ್ರಶ್ನೆ ಒಂದೇ: "ಹೋದ ತಿಂಗಳು ನೀವು ಹೆಚ್ಚಾಗಿ ಊಟ ಮಾಡಿದ್ದು ಎಲ್ಲಿ?"

ಮಾವ ಎದೆ ಸೆಟೆಸಿ, "ಇಲ್ಲೇ, ನನ್ನ ಒಲೇಲಿ" ಎಂದರು. ಮಗನೂ ಹಾಗೇ ಹೇಳಿದ. ಸೊಸೆಯೂ ಹಾಗೇ ಹೇಳಿದಳು. ಮೂವರೂ ಒಳ್ಳೆ ಮೈಕೈ ತುಂಬಿಕೊಂಡಿದ್ದರು. ಆ ಅಡುಗೆ ತಿಂದು ಹಾಗಾಗುವುದು ಹೇಗೆ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಸಂಕಟದಲ್ಲಿ ಹೊಳೆಯಲಿಲ್ಲ. ನಾಲ್ಕು ಫಾರಂ ಕೈಯಲ್ಲಿ ಹಿಡಿದು ಅಳು ಬಂದಂತಾಗಿ ಅತ್ತೆಯ ಹತ್ತಿರ ಹೋದೆ.

ಒಳಗೆ ಅಕ್ಕಿರೊಟ್ಟಿ ಬೇಯುತ್ತಿತ್ತು. ಹೆಂಚಿನ ಪಕ್ಕ ದೊಡ್ಡ ಪಾತ್ರೆ ತುಂಬ ಹಲಸಂದೆಕಾಳಿನ ಸಾರು.

"ನೀವು ಎಷ್ಟು ಜನಕ್ಕೆ ಅಡುಗೆ ಮಾಡ್ತೀರಿ?"

"ನಾಲ್ಕು ಜನಕ್ಕೆ."

"ನಾಲ್ಕಾ?"

ಅತ್ತೆ ಬಾಯಿಗೆ ಬೆರಳಿಟ್ಟು, ಬಾಗಿಲು ಮುಂದೆ ಮಾಡಿ, ನನ್ನ ಪಕ್ಕ ಬಂದು ಕೂತರು. "ಏಳು ಗಂಟೆಗೆ ನಮ್ಮೋರು ಬರ್ತಾರೆ, ಜೇನು ಪೆಟ್ಟಿಗೆ ನೋಡ್ಕೊಂಡ್ ಬರ್ತೀನಿ ಅಂತ ಹೊರಟು, ಸುತ್ತಿ ಹಿತ್ತಿಲ ಬಾಗಿಲಿಂದ. ಅವ್ರು ಎದ್ದ ಮೇಲೆ ಮಗ, ಜೀಪಿಗೆ ನೀರು ಬೇಕು ಅಂತ. ಅವನು ಹೋದ ಮೇಲೆ ಸೊಸೆ, ಬಟ್ಟೆ ಒಣಗಿದ್ಯಾ ನೋಡ್ತೀನಿ ಅಂತ. ಮಧ್ಯಾಹ್ನನೂ ಹಿಂಗೇ. ಒಬ್ರಿಗೊಬ್ರಿಗೆ ಗೊತ್ತಿಲ್ಲ ಕಣವ್ವ. ಮೂರು ಜನನೂ ಉಳಿದೋರಿಗೆ ಹೇಳಬೇಡ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದಾರೆ."

"ಮತ್ತೆ ದುಡ್ಡು?"

"ಊಟಕ್ಕೆ ಐವತ್ತು. ಬಾಯಿ ಮುಚ್ಕೊಂಡಿರಕ್ಕೆ ಇಪ್ಪತ್ತು."

ನನಗೆ ಎದ್ದು ಕುಣಿಯುವಷ್ಟು ಸಂತೋಷವಾಯಿತು. ಒಲೆ ಒಡೆದೇ ಇಲ್ಲ. ಹೊರಗಿನ ಮೂರೂ ಬರೀ ಹೊಗೆ. "ಹಾಗಾದರೆ ನಿಯಮದ ಪ್ರಕಾರ ನೀವು ಇನ್ನೂ ಒಂದೇ ಕುಟುಂಬ. ಈಗಲೇ ಬರೆದು ಎಲ್ಲರೆದುರು ಓದಿಬಿಡ್ತೀನಿ" ಎಂದೆ.

ಅತ್ತೆಯ ಮುಖ ಬಾಡಿತು. "ಬರೀಬೇಡ ಕಣವ್ವ" ಎಂದರು.

"ಯಾಕೆ? ಮನೆ ಒಂದಾಗುತ್ತಲ್ಲ."

"ಮನೆ ಒಂದಾಯ್ತದೆ. ನಾನು ಮತ್ತೆ ಪುಕ್ಕಟೆ ಆಯ್ತೀನಿ."

ಅವರು ಅಕ್ಕಿ ಡಬ್ಬಿಯ ಹಿಂದಿನಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದರು. ನಾಲ್ಕನೆಯ ನೋಟ್‌ಬುಕ್. ಅಕ್ಷರ ದೊಡ್ಡದು, ಅಂಕಿ ಸ್ಪಷ್ಟ. "ಆ ಚೊಂಬಿಗೆ ಕೈ ಹಾಕಬೇಕಾದ್ರೆ ಇಷ್ಟು ವರ್ಷ ಒಂದ್ಸಲ ಆ ಕಡೆ ಈ ಕಡೆ ನೋಡ್ಕೊಂಡೇ ಹಾಕಿದೀನಿ. ಯಾರೂ ಬೇಡ ಅಂದಿಲ್ಲ. ಆದ್ರೂ ನಾನು ಹಾಕಿದ ದುಡ್ಡಲ್ಲ ಅಲ್ವಾ?"

"ಈ ದುಡ್ಡಲ್ಲಿ ಏನು ಮಾಡಬೇಕು ಅಂತಿದೀರಿ?"

"ಏನೂ ಇಲ್ಲ. ಕೆಲಸ ಮುಗಿದ ಮೇಲೆ ಹಿತ್ತಿಲಲ್ಲಿ ಕೂತ್ಕೊಂಡು ಏನು ಮಾಡಬೌದು ಅಂತ ಯೋಚನೆ ಮಾಡ್ತೀನಿ. ಒಂದಿನ ಬಳೆ ಮಾಡಿಸ್ತೀನಿ, ಒಂದಿನ ಹಸ ತರ್ತೀನಿ, ಒಂದಿನ ಕಾಶಿಗೆ ಹೋಗಿ ಬರ್ತೀನಿ, ಎಲ್ಲ ಅಲ್ಲೇ ಕೂತು. ಕನಸು ಕಾಣಕ್ಕೂ ಕೈಲಿ ಸ್ವಲ್ಪ ದುಡ್ಡಿರಬೇಕು ಮಗಾ."

ಕನಸಿನ ವಿಷಯದಲ್ಲಿ ಜಿಲ್ಲೆಯಲ್ಲಿ ನನಗಿಂತ ತಿಳಿದವರಿಲ್ಲ ಎಂದುಕೊಂಡಿದ್ದೆ. ಮೂರು ಸಲ ಈ ಮನೆಗೆ ಬಂದು, ಮೂರು ಸಲ ಇವರ ಕಾಫಿ ಕುಡಿದು, ಮೂರು ಸಲವೂ "ಉದ್ಯೋಗವಿಲ್ಲ" ಎಂದು ಬರೆದವಳು ನಾನು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

"ಸುಳ್ಳು ಬರೆಯೋಕೆ ಆಗಲ್ಲ" ಎಂದೆ. "ಆದರೆ ಪೂರ್ತಿ ನಿಜ ಬರೀತೀನಿ. ನೀವು ಪುಕ್ಕಟೆ ಆಗದ ಹಾಗೆ. ನೀವು ಒಪ್ಪಿದ್ರೆ ಮಾತ್ರ ಓದ್ತೀನಿ."

ಏನು ಬರೆಯುತ್ತೇನೆಂದು ಹೇಳಿದೆ. ಅವರು ರೊಟ್ಟಿ ತಿರುವಿ ಹಾಕಿ, ಅದು ಉಬ್ಬುವ ತನಕ ಯೋಚಿಸಿ, "ಓದವ್ವ, ನೋಡನ" ಎಂದರು.

ಮೂವರೂ ಮೂರು ಒಲೆ ಬಿಟ್ಟು ಜಗಲಿಗೆ ಬಂದರು. ನಾನು ಗಂಟಲು ಸರಿ ಮಾಡಿಕೊಂಡು ಓದಿದೆ. "ಕುಟುಂಬ ಒಂದು. ಸದಸ್ಯರು ನಾಲ್ಕು. ಒಲೆ ಒಂದು."

"ಅಲ್ಲಾ ಮೇಡಂ, ಇಲ್ಲಿ ಮೂರು ಒಲೆ ಉರೀತಾ ಇರೋದು ನಿಮಗೆ ಕಾಣಲ್ವಾ?" ಎಂದರು ಮಾವ.

"ಉರಿಯೋ ಒಲೆ ಲೆಕ್ಕಕ್ಕಿಲ್ಲ. ಊಟ ಮಾಡೋ ಒಲೆ ಮಾತ್ರ."

ತನ್ನ ಗುಟ್ಟೊಂದೇ ಬಯಲಾಯಿತೆಂದು ಮಗ ತಲೆ ತಗ್ಗಿಸಿದ. "ಅದು ಯಾವತ್ತೋ ಹೊಟ್ಟೆ ಸರಿ ಇಲ್ಲದಾಗ ಒಂದೆರಡು ಸಲ ಹೋಗಿದ್ದೆ, ಅಷ್ಟೇ."

"ಏನು, ನೀನೂ ಹೋಗ್ತಿದ್ಯಾ?" ಎಂದರು ಮಾವ.

"ನೀನೂ ಅಂದ್ರೆ?" ಎಂದ ಮಗ.

ಮಾವ ಆಕಾಶ ನೋಡಿದರು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯಲು ನೋಡಿ, ಆಗದೆ, "ನನ್ನ ಪಾಲಿಗೆ ದಿನಾ ತಳದ ಪಲ್ಯನೇ ಯಾಕೆ ಬರ್ತಿತ್ತು ಅಂತ ಈಗ ಗೊತ್ತಾಯ್ತು" ಎಂದಳು. ಆಮೇಲೆ ಮೂವರೂ ನಗತೊಡಗಿದರು. ಆರು ತಿಂಗಳಿಂದ ರಸೀದಿ ಕೊಟ್ಟುಕೊಂಡು ಓಡಾಡಿದ ಜನ ಒಬ್ಬರ ಭುಜ ಒಬ್ಬರು ಹಿಡಿದು ನಕ್ಕರು. ನನ್ನ ಕಣ್ಣಲ್ಲೂ ನೀರು ಬಂತು.

ನಗು ನಿಂತ ಮೇಲೆ ಉಳಿದದ್ದನ್ನು ಓದಿದೆ. "ಅತ್ತೆಯವರು. ಉದ್ಯೋಗ: ಸ್ವಂತ ಊಟದ ವ್ಯಾಪಾರ. ಖಾಯಂ ಗಿರಾಕಿಗಳು ಮೂವರು." ಆಮೇಲೆ ಆದಾಯದ ಅಂಕಿ ಓದಿದೆ. ಡೀಸೆಲ್ಲು ಗ್ಯಾರೇಜು ಕಳೆದ ಮೇಲೆ ಮಗನಿಗೆ ಉಳಿಯುವುದಕ್ಕಿಂತ ಅದು ಜಾಸ್ತಿ. ಮಾವನದಕ್ಕಿಂತ ಜಾಸ್ತಿ, ಸೊಸೆಯದಕ್ಕಿಂತ ಜಾಸ್ತಿ. ಮೂವರೂ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅತ್ತೆ ಅಲ್ಲಿ ನಿಂತಿದ್ದರು.

ಮೊದಲು ಬಾಯಿ ಬಿಟ್ಟವನು ಮಗ. "ಸರಿ ಬಿಡಮ್ಮ, ಗುಟ್ಟು ರಟ್ಟಾಯ್ತಲ್ಲ. ಇನ್ನು ಮೊದಲಿನ ಹಂಗೇ ಎಲ್ರೂ ಒಟ್ಟಿಗೆ ಕೂತು ಊಟ ಮಾಡನ."

"ಹೂಂ, ಅದೇ ಸರಿ" ಎಂದರು ಮಾವ. ಸೊಸೆಯೂ ತಲೆಯಾಡಿಸಿದಳು. ನಾನು ಅತ್ತೆಯನ್ನೇ ನೋಡಿದೆ. ಅವರು ಒಳಗೆ ಹೋದರು. ಹಿಂದುಗಡೆ ಚಿಲಕ ಹಾಕಿದ ಸದ್ದು ಕೇಳಿತು. ಸೆರಗಿಗೆ ಕೈ ಒರೆಸುತ್ತಾ ಮತ್ತೆ ಬಾಗಿಲಿಗೆ ಬಂದು ನಿಂತರು.

"ಹಿತ್ತಿಲ ಬಾಗಿಲು ಹಾಕಿದೀನಿ. ಇನ್ಮೇಲೆ ಕದ್ದು ಬರೋದು ಬೇಡ, ಎಲ್ರೂ ಮುಂಬಾಗಿಲಿಂದ ಬಂದು ಸಾಲಾಗಿ ಕೂತ್ಕೊಳ್ಳಿ. ಗುಟ್ಟಿಗೆ ಅಂತ ತಗೋತಿದ್ದ ಇಪ್ಪತ್ತು ಬಿಟ್ಟಿದೀನಿ. ಊಟದ ಐವತ್ತು ಹಂಗೇ."